ಇನೊಕಶಿರದ ಬೆಂತೆನ್ ಗುಡಿ: ಹಿರೊಶಿಗೆಯ ಎರಡು ಮರದಚ್ಚಿನ ಚಿತ್ರಗಳ ಸಾಕ್ಷ್ಯ

೧

ಜಪಾನಿನ ಮರದಚ್ಚಿನ ಚಿತ್ರಗಳ ಸೂಚೀಪತ್ರಗಳಲ್ಲಿ, ಕೊಳದ ನಡುವೆಯೋ ಕಾಡಿನ ಅಂಚಿನಲ್ಲಿಯೋ ಚಿಕ್ಕ ಗುಡಿಯೊಂದು ಕಾಣಿಸಿಕೊಂಡರೆ ಅದನ್ನು ‘ನಿಸರ್ಗದ ನಡುವಣ ಶಿಂತೊ ದೇವಾಲಯ’ ಎಂದು ಹೆಸರಿಸುವುದುಂಟು. ಇದರಿಂದ ಚಿತ್ರವನ್ನು ಹುಡುಕಿ ತೆಗೆಯಲು ಅನುಕೂಲವಾಗುತ್ತದೆ. ಆದರೆ ಓಲೆಗರಿಯ ಕಟ್ಟಿಗೆ ಸೂಚೀಕಾರನು ಕೊಟ್ಟ ಹೆಸರು ಬೇರೆ, ಗ್ರಂಥದ ಒಳಗೇ ಇರುವ ಹೆಸರು ಬೇರೆ ಎಂಬುದನ್ನು ಹಸ್ತಪ್ರತಿಗಳ ಪರಿಚಯವುಳ್ಳವರು ಬಲ್ಲರು. ಹೊರಗಿನ ಹೆಸರನ್ನು ಒಳಗಿನ ಸಾಕ್ಷ್ಯದೊಡನೆ ಒರೆದು ನೋಡದೆ ಒಪ್ಪಿಕೊಂಡರೆ ಎಂತಹ ಪ್ರಮಾದಗಳು ನುಸುಳಬಹುದೆಂಬುದೂ ಅವರಿಗೆ ತಿಳಿದ ವಿಷಯವೇ. ಅಚ್ಚಾದ ಚಿತ್ರಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ಜಪಾನಿನ ಪ್ರಸಿದ್ಧ ಚಿತ್ರಕಾರನಾದ ಉತಗವ ಹಿರೊಶಿಗೆಯು (೧೭೯೭–೧೮೫೮) ಇನೊಕಶಿರ ಎಂಬ ಕೊಳವನ್ನೂ ಅಲ್ಲಿಯ ದೇವಿಯ ಗುಡಿಯನ್ನೂ ಬೇರೆ ಬೇರೆ ಕಾಲದಲ್ಲಿ ಎರಡು ಬಾರಿ ಚಿತ್ರಿಸಿದ್ದಾನೆ. ಮೊದಲನೆಯದು ಹಿಮ, ಚಂದ್ರ, ಹೂವು ಎಂಬ ಮೂರು ವಸ್ತುಗಳನ್ನು ಆಧರಿಸಿ ಪ್ರಸಿದ್ಧ ಸ್ಥಳಗಳನ್ನು ತೋರಿಸುವ ‘ಮೇಶೊ ಸೆತ್ಸುಗೆಕ್ಕ’ ಎಂಬ ಮಾಲೆಯ ಹಿಮದ ಚಿತ್ರ. ಇದನ್ನು ೧೮೪೦ರ ದಶಕಕ್ಕೆ ಸೇರಿಸುತ್ತಾರೆ. ಎರಡನೆಯದು ಅವನ ಕೊನೆಯ ಮಹಾಕೃತಿಯಾದ ‘ಮೇಶೊ ಎದೊ ಹ್ಯಕ್ಕೇ’, ಅಂದರೆ ‘ಎದೊ ನಗರದ ನೂರು ಪ್ರಸಿದ್ಧ ದೃಶ್ಯಗಳು’ ಎಂಬ ಮಾಲೆಗೆ ಸೇರಿದ್ದು; ಇದರ ಕಾಲ ೧೮೫೬. ಎರಡರಲ್ಲಿಯೂ ಸ್ಥಳ ಒಂದೇ, ದೇವಿಯೂ ಒಬ್ಬಳೇ. ಆ ದೇವಿಯ ಹೆಸರು ಬೆಂಜೈತೆನ್, ಸಂಕ್ಷೇಪವಾಗಿ ಬೆಂತೆನ್. ಈಕೆ ಮೂಲತಃ ಭಾರತದ ಸರಸ್ವತಿಯೇ ಎಂಬುದು ನಿರ್ವಿವಾದವಾದ ಸಂಗತಿ. ಹಾಗಿರುವಲ್ಲಿ ಈ ಗುಡಿಯನ್ನು ‘ಶಿಂತೊ ದೇವಾಲಯ’ ಎಂದು ಕರೆಯುವುದು ಎಷ್ಟರಮಟ್ಟಿಗೆ ಸರಿ, ಚಿತ್ರಗಳೇ ಈ ಬಗೆಗೆ ಏನನ್ನು ಹೇಳುತ್ತವೆ ಎಂಬುದು ಪರಿಶೀಲನಾರ್ಹವಾಗಿದೆ.

೨

ಮೊದಲು ಸ್ಥಳದ ವಿಚಾರ. ಇನೊಕಶಿರ ಕೊಳವು ಇಂದಿನ ತೋಕಿಯೊ ಮಹಾನಗರದ ಪಶ್ಚಿಮ ಭಾಗದಲ್ಲಿ, ಮುಸಾಶಿನೊ ಮತ್ತು ಮಿತಕ ಎಂಬ ನಗರಗಳ ಸೀಮೆಯಲ್ಲಿದೆ. ಹಿರೊಶಿಗೆಯ ಕಾಲದಲ್ಲಿ ತೋಕಿಯೊ ನಗರಕ್ಕೆ ಎದೊ ಎಂಬ ಹೆಸರಿತ್ತು. ತೊಕುಗವ ವಂಶದ ಶೋಗುನರು ಅಲ್ಲಿಂದ ದೇಶವನ್ನು ಆಳುತ್ತಿದ್ದರು. ಕೊಳವು ಆ ನಗರದ ಮೇರೆಯಿಂದ ಬಹುದೂರ ಹೊರಗೆ, ಬಯಲು ನಾಡಿನಲ್ಲಿತ್ತು. ಆದರೂ ‘ಎದೊ ನಗರದ ದೃಶ್ಯ’ಗಳ ಮಾಲೆಯಲ್ಲಿ ಅದಕ್ಕೆ ಸ್ಥಾನ ದೊರೆತುದಕ್ಕೆ ಕಾರಣವುಂಟು.

ತೊಕುಗವ ಇಎಯಸುವು ೧೫೯೦ರಲ್ಲಿ ಎದೊವನ್ನು ತನ್ನ ನೆಲೆಯನ್ನಾಗಿ ಮಾಡಿಕೊಂಡಾಗ ಅಲ್ಲಿ ಕುಡಿಯುವ ನೀರಿನ ಅಭಾವವಿತ್ತು. ಸಮುದ್ರದ ಅಂಚಿನ ತಗ್ಗು ನೆಲದ ಬಾವಿಗಳಲ್ಲಿ ಉಪ್ಪುನೀರು ಸೇರುತ್ತಿತ್ತು. ಈ ಕೊರತೆಯನ್ನು ನೀಗಲು ಏರ್ಪಟ್ಟ ಮೊದಲ ಜಲಮಾರ್ಗವೇ ಕಂದ ಜೋಸುಯಿ. ಇನೊಕಶಿರದ ಊಟೆಗಳಿಂದ ಹೊರಟ ನೀರನ್ನು ಕಾಲುವೆಯ ಮೂಲಕ ನಗರಕ್ಕೆ ತಂದು, ಅಲ್ಲಿ ನೆಲದೊಳಗಿನ ಮರದ ಕೊಳವೆಗಳ ಮೂಲಕ ಬಾವಿಗಳಿಗೆ ಹಂಚುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಎದೊದ ಜನಸಂಖ್ಯೆ ಹತ್ತು ಲಕ್ಷದಷ್ಟಿತ್ತೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅಷ್ಟು ದೊಡ್ಡ ಪಟ್ಟಣದ ಒಂದು ಭಾಗವು ಈ ಕೊಳದ ನೀರನ್ನೇ ಕುಡಿದು ಬದುಕಿತು. ಇನೊಕಶಿರ ಎಂಬ ಹೆಸರಿಗೆ ‘ಬಾವಿಯ ತಲೆ’, ಎಂದರೆ ಜಲಮೂಲ ಎಂಬ ಅರ್ಥವಿದೆ. ಈ ಹೆಸರನ್ನು ಮೂರನೆಯ ಶೋಗುನನಾದ ಇಎಮಿತ್ಸುವು ಇಟ್ಟನೆಂದು ಐತಿಹ್ಯ ಹೇಳುತ್ತದೆ.

ಕೊಳದ ನಡುಗಡ್ಡೆಯಲ್ಲಿ ಬೆಂಜೈತೆನ್ ದೇವಿಯ ಗುಡಿಯಿದೆ. ಇದರ ಸ್ಥಾಪನೆಯನ್ನು ಸ್ಥಳೀಯ ಪರಂಪರೆಯು ಹತ್ತನೆಯ ಶತಮಾನದ ಮಿನಮೊತೊ ವಂಶದ ನಾಯಕನಾದ ತ್ಸುನೆಮೊತೊವಿಗೆ ಆರೋಪಿಸುತ್ತದೆ. ಇದು ಪರಂಪರೆಯ ಮಾತು. ಸಮಕಾಲೀನ ದಾಖಲೆಯ ತೂಕವನ್ನು ಇದಕ್ಕೆ ಕೊಡಲಾಗದು. ಎದೊ ಕಾಲಕ್ಕೆ ಬರುವಷ್ಟರಲ್ಲಿ ಮಾತ್ರ ಗುಡಿಯು ಪ್ರಸಿದ್ಧ ಯಾತ್ರಾಸ್ಥಳವಾಗಿತ್ತು. ನಗರದ ವರ್ತಕರೂ ಕುಶಲಕರ್ಮಿಗಳೂ ಇಲ್ಲಿಗೆ ಬಂದು ಕಲ್ಲಿನ ದೀಪಸ್ತಂಭಗಳನ್ನೂ ದಾರಿಗಲ್ಲುಗಳನ್ನೂ ಅರ್ಪಿಸಿದರು. ೧೮೩೪ ಮತ್ತು ೧೮೩೬ರಲ್ಲಿ ಪ್ರಕಟವಾದ ‘ಎದೊ ಮೇಶೊ ಝುಎ’ ಎಂಬ ಸಚಿತ್ರ ಸ್ಥಳವರ್ಣನ ಗ್ರಂಥದಲ್ಲಿಯೂ ಈ ಕೊಳ ಮತ್ತು ಗುಡಿಗಳಿಗೆ ಸ್ಥಾನವಿದೆ. ನೀರು ಕುಡಿಯುವ ಪಟ್ಟಣಿಗರು ನೀರಿನ ಮೂಲದಲ್ಲಿ ನೆಲಸಿದ ದೇವಿಗೆ ನಡೆದುಕೊಂಡದ್ದು ಸಹಜವೇ ಆಗಿದೆ.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಚಿತ್ರದಲ್ಲಿ ಕಾಣುವ ಮರ, ನೀರು, ಪಕ್ಷಿಗಳನ್ನು ಮನುಷ್ಯನ ಸಂಪರ್ಕವಿಲ್ಲದ ವನ್ಯ ನಿಸರ್ಗವೆಂದು ತಿಳಿಯಲಾಗದು. ಅದು ಮಹಾನಗರವೊಂದು ತನ್ನ ಜೀವನಾಧಾರವೆಂದು ಕಾಯ್ದುಕೊಂಡು ಬಂದ ಜಲಾಶಯ. ದೇವಿಯ ಸಾನ್ನಿಧ್ಯವು ಆ ಕಾಪಿನ ಒಂದು ಅಂಗ.

೩

ಇನ್ನು ಚಿತ್ರಗಳು ಸಿದ್ಧವಾದ ಬಗೆಯನ್ನು ನೋಡಬೇಕು. ಅವುಗಳ ಸಾಕ್ಷ್ಯವನ್ನು ತೂಗಲು ಇದರ ತಿಳಿವಳಿಕೆ ಅತ್ಯಗತ್ಯ.

ಜಪಾನಿನ ಬಹುವರ್ಣದ ಮರದಚ್ಚು ೧೭೬೫ರ ಸುಮಾರಿಗೆ ಪೂರ್ಣರೂಪವನ್ನು ಪಡೆಯಿತು. ಈ ಕೆಲಸದಲ್ಲಿ ನಾಲ್ವರ ಪಾಲಿದೆ: ಪ್ರಕಾಶಕ, ಚಿತ್ರಕಾರ, ಕೆತ್ತುವವನು, ಅಚ್ಚು ಹಾಕುವವನು. ಹಣ ಹೂಡುವವನೂ ವಿಷಯವನ್ನು ಗೊತ್ತುಮಾಡುವವನೂ ಪ್ರಕಾಶಕನೇ. ಚಿತ್ರಕಾರನು ತೆಳುವಾದ ಕಾಗದದ ಮೇಲೆ ಮಸಿಯಿಂದ ರೇಖಾಚಿತ್ರವನ್ನು ಬರೆದುಕೊಡುತ್ತಾನೆ. ಕೆತ್ತುವವನು ಆ ಕಾಗದವನ್ನು ಮುಖ ಕೆಳಗಾಗಿ ಕಾಡುಚೆರ್ರಿ ಮರದ ಹಲಗೆಗೆ ಅಂಟಿಸಿ, ಕಾಗದದ ಹಿಂಬದಿಯಿಂದ ತೋರುವ ಗೆರೆಗಳನ್ನು ಉಳಿಸಿ, ಮಿಕ್ಕ ಮರವನ್ನು ಕೆತ್ತಿ ತೆಗೆಯುತ್ತಾನೆ. ಕೆತ್ತನೆ ಮುಗಿಯುವ ವೇಳೆಗೆ ಚಿತ್ರಕಾರನ ಕೈಬರಹದ ಹಾಳೆಯು ಹಲಗೆಯೊಡನೆ ಸಂಪೂರ್ಣವಾಗಿ ನಾಶವಾಗಿರುತ್ತದೆ.

ಇದು ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ವಿಶೇಷವಾಗಿ ಗಮನಿಸತಕ್ಕ ಸಂಗತಿ. ಓಲೆಗರಿಯ ಗ್ರಂಥಕ್ಕೆ ಕವಿಯ ಸ್ವಹಸ್ತಪ್ರತಿಯು ಒಂದು ಕಾಲದಲ್ಲಿ ಇದ್ದೇ ಇತ್ತು. ಅದು ಕಾಲಾಂತರದಲ್ಲಿ ಕಳೆದುಹೋಯಿತು ಎಂದು ಭಾವಿಸುತ್ತೇವೆ. ಮರದಚ್ಚಿನ ಚಿತ್ರದಲ್ಲಿಯಾದರೋ ಮೂಲಪ್ರತಿಯ ನಾಶವು ಪ್ರತಿಗಳು ಹುಟ್ಟುವುದಕ್ಕೆ ನಿಯಮಿತವಾದ ಪೂರ್ವಾಂಗ. ಹಿರೊಶಿಗೆಯು ಇನೊಕಶಿರವನ್ನು ಬರೆದ ಹಾಳೆಯನ್ನು ಹುಡುಕುವುದು ವ್ಯರ್ಥ. ದೊರೆಯುವುದೆಲ್ಲ ಹಲಗೆಯಿಂದ ಇಳಿದ ಪ್ರತಿಗಳೇ. ಪ್ರತಿಗಳನ್ನು ಪರಸ್ಪರ ಹೋಲಿಸಿ, ಯಾವುದು ಮೊದಲಿನದು, ಯಾವುದು ತರುವಾಯದ್ದು ಎಂಬುದನ್ನು ನಿರ್ಣಯಿಸುವುದೊಂದೇ ಮಾರ್ಗ.

ರೇಖೆಗಳ ಹಲಗೆ ಸಿದ್ಧವಾದ ಮೇಲೆ ಅದರಿಂದ ಕೆಲವು ಹಾಳೆಗಳನ್ನು ತೆಗೆದು, ಯಾವ ಭಾಗಕ್ಕೆ ಯಾವ ಬಣ್ಣ ಬರಬೇಕೆಂಬುದನ್ನು ಗುರುತು ಮಾಡುತ್ತಿದ್ದರು. ಬೇರೆ ಬೇರೆ ಬಣ್ಣಗಳಿಗೆ ಬೇರೆ ಬೇರೆ ಹಲಗೆಗಳು. ಹಾಳೆಯು ಪ್ರತಿಯೊಂದು ಹಲಗೆಯ ಮೇಲೂ ಒಂದೇ ಸ್ಥಾನದಲ್ಲಿ ಕೂರುವಂತೆ ಮೂಲೆಯಲ್ಲಿ ಮತ್ತು ಅಂಚಿನಲ್ಲಿ ಕೆಂತೊ ಎಂಬ ಕಚ್ಚುಗಳನ್ನು ಕೆತ್ತಿರುತ್ತಿದ್ದರು. ಯಂತ್ರದ ಒತ್ತು ಇದಕ್ಕೆ ಬೇಕಿಲ್ಲ. ಬಿದಿರಿನ ಸಿಪ್ಪೆಯನ್ನು ಹೊದಿಸಿದ ದುಂಡನೆಯ ಬರೆನ್ ಎಂಬ ಸಾಧನದಿಂದ ಹಾಳೆಯ ಬೆನ್ನನ್ನು ಉಜ್ಜಿ ಬಣ್ಣ ಹಿಡಿಸುತ್ತಿದ್ದರು. ಕೊಳದ ನೀರಿನಲ್ಲಿ, ಆಕಾಶದ ಮೇಲಂಚಿನಲ್ಲಿ ಕಡುನೀಲಿಯು ಕ್ರಮೇಣ ತಿಳಿಯಾಗುತ್ತ ಹೋಗುವುದನ್ನು ಬೊಕಶಿ ಎನ್ನುತ್ತಾರೆ. ಇದು ಹಲಗೆಯಲ್ಲಿ ಕೆತ್ತಿದ್ದಲ್ಲ. ಅಚ್ಚುಗಾರನು ಪ್ರತಿ ಹಾಳೆಗೂ ಹಲಗೆಯ ಮೇಲಿನ ಬಣ್ಣವನ್ನು ಒದ್ದೆಯ ಬಟ್ಟೆಯಿಂದಲೋ ಕುಂಚದಿಂದಲೋ ಹದವಾಗಿ ತೇಲಿಸಿ ತರುವ ಪರಿಣಾಮ. ಆದುದರಿಂದ ಒಂದೇ ಹಲಗೆಯ ಎರಡು ಪ್ರತಿಗಳೂ ಸರ್ವಾಂಶದಲ್ಲಿ ಒಂದೇ ಆಗಿರುವುದಿಲ್ಲ. ಆ ನೀಲಿಯೂ ಪರದೇಶದ್ದು. ಬರ್ಲಿನ್ ನಗರದಲ್ಲಿ ಹದಿನೆಂಟನೆಯ ಶತಮಾನದ ಆದಿಯಲ್ಲಿ ಕಂಡುಹಿಡಿದ ಈ ಬಣ್ಣವು ೧೮೩೦ರ ಸುಮಾರಿನಿಂದ ಜಪಾನಿನ ಚಿತ್ರಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಜಪಾನೀಯರು ಇದನ್ನು ಬೆರೊ ಎಂದು ಕರೆದುದರಲ್ಲಿ ಬರ್ಲಿನ್ ಎಂಬ ಹೆಸರೇ ಅಡಗಿದೆ.

ಮತ್ತೊಂದು ಅಂಶ ಬಿಳಿಯ ವಿಚಾರ. ಮೊದಲ ಚಿತ್ರದಲ್ಲಿ ಮರಗಳ ಮೇಲೆಯೂ ಗುಡಿಯ ಮಾಡಿನ ಮೇಲೆಯೂ ಹಿಮ ಹಾಸಿದೆ. ಎರಡನೆಯದರಲ್ಲಿ ಕೊಳದ ಮೇಲೆ ಬೆಳ್ಳಕ್ಕಿಗಳು ಹಾರುತ್ತಿವೆ. ಇಂತಹ ಚಿತ್ರಗಳಲ್ಲಿ ಹಿಮದ ಮತ್ತು ಹಕ್ಕಿಗಳ ಬಿಳಿಗೆ ಸಾಮಾನ್ಯವಾಗಿ ಬಣ್ಣ ಹಾಕುತ್ತಿರಲಿಲ್ಲ. ಅಚ್ಚು ತಾಕದಂತೆ ಬಿಟ್ಟ ಕಾಗದವೇ ಅಲ್ಲಿ ಬಿಳಿಯಾಗಿ ತೋರುತ್ತದೆ. ಕೋಜೊ ಎಂಬ ಗಿಡದ ನಾರಿನಿಂದ ಮಾಡಿದ ಆ ಕಾಗದವು ಮಾಸಿದರೆ ಹಿಮವೂ ಮಾಸುತ್ತದೆ. ಪ್ರತಿಯ ಸ್ಥಿತಿಯನ್ನು ಅರಿಯಲು ಮೊದಲು ಈ ಬಿಳಿಯ ಎಡೆಗಳನ್ನು ನೋಡುವುದು ಉಪಯುಕ್ತ.

ಹಲಗೆಗಳು ಪ್ರಕಾಶಕನ ಸ್ವತ್ತಾಗಿದ್ದವು. ಬೇಡಿಕೆಯಿದ್ದಷ್ಟು ಕಾಲ ಅವುಗಳಿಂದ ಹಾಳೆಗಳನ್ನು ತೆಗೆಯುತ್ತಲೇ ಇದ್ದರು. ಮೊದಲಿನ ಪ್ರತಿಗಳಲ್ಲಿ ಗೆರೆಗಳು ತೀಕ್ಷ್ಣವಾಗಿರುತ್ತವೆ; ಬೊಕಶಿಯ ಕೆಲಸ ಹೇರಳವಾಗಿರುತ್ತದೆ. ತರುವಾಯದ ಪ್ರತಿಗಳಲ್ಲಿ ಗೆರೆಗಳು ಸವೆದು ಮುರಿದಿರುತ್ತವೆ; ಶ್ರಮ ಉಳಿಸುವ ಸಲುವಾಗಿ ಬಣ್ಣದ ಹಂತಗಳನ್ನು ಕಡಿಮೆ ಮಾಡಿರುತ್ತಾರೆ. ಕೆಲವೊಮ್ಮೆ ಹಳೆಯ ಪ್ರತಿಯೊಂದನ್ನೇ ಹೊಸ ಹಲಗೆಗೆ ಅಂಟಿಸಿ ಕೆತ್ತುವುದೂ ಇತ್ತು. ಪ್ರತಿಯಿಂದ ಪ್ರತಿ ಮಾಡಿದ ಓಲೆಗಳಲ್ಲಿ ಅಕ್ಷರಗಳು ತಮ್ಮ ನಿಶ್ಚಿತ ರೂಪವನ್ನು ಕಳೆದುಕೊಳ್ಳುವಂತೆ ಇಂತಹ ಮರುಕೆತ್ತನೆಗಳಲ್ಲಿ ರೇಖೆಯ ಜೀವ ಕುಂದುವುದು ಸ್ವಾಭಾವಿಕ. ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿರುವ ಎದೊ ಮಾಲೆಯ ಸಂಪೂರ್ಣ ಸಂಪುಟವು ಮೊದಲ ಅಚ್ಚಿನ ಗುಣಗಳನ್ನು ಅರಿಯಲು ವಿದ್ವಾಂಸರಿಗೆ ನೆರವಾಗಿದೆ.

೪

ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಪುಷ್ಪಿಕೆಯಿಂದ ಕಾಲ, ಸ್ಥಳ, ಬರೆಯಿಸಿದವರ ಹೆಸರು ತಿಳಿಯುತ್ತವೆ. ಮರದಚ್ಚಿನ ಚಿತ್ರದಲ್ಲಿ ಆ ಕಾರ್ಯವನ್ನು ಚಿಕ್ಕ ಮುದ್ರೆಗಳು ಮಾಡುತ್ತವೆ. ೧೭೯೦ರಿಂದ ಜಪಾನಿನಲ್ಲಿ ಅಚ್ಚಿನ ಚಿತ್ರಗಳಿಗೆ ಪೂರ್ವಪರೀಕ್ಷೆ ಕಡ್ಡಾಯವಾಯಿತು. ಪರೀಕ್ಷಿಸಿ ಒಪ್ಪಿದುದರ ಗುರುತಾಗಿ ಹಾಕುತ್ತಿದ್ದ ಮುದ್ರೆಯನ್ನು ಹಲಗೆಯಲ್ಲಿಯೇ ಕೆತ್ತಿಬಿಡುತ್ತಿದ್ದರು. ಈ ಮುದ್ರೆಗಳ ಪದ್ಧತಿ ಕಾಲಕಾಲಕ್ಕೆ ಬದಲಾಯಿತು. ೧೮೪೩ರಿಂದ ಸುಮಾರು ೧೮೪೭ರ ವರೆಗೆ ಪರೀಕ್ಷಕನೊಬ್ಬನ ಹೆಸರಿನ ಮುದ್ರೆ ಮಾತ್ರ ಇರುತ್ತಿತ್ತು, ತೇದಿ ಇರುತ್ತಿರಲಿಲ್ಲ. ಆದ್ದರಿಂದ ಆ ಅವಧಿಯ ಚಿತ್ರಗಳ ಕಾಲವನ್ನು ಕೆಲವು ವರ್ಷಗಳ ಅಂತರದೊಳಗೆ ಮಾತ್ರ ನಿರ್ಧರಿಸಲು ಸಾಧ್ಯ. ೧೮೫೦ರ ದಶಕದ ನಡುವಿಗೆ ಬಂದರೆ ‘ಅರತಮೆ’, ಅಂದರೆ ‘ಪರೀಕ್ಷಿಸಿದೆ’ ಎಂಬ ಮುದ್ರೆಯ ಜೊತೆಗೆ ವರ್ಷ ಮತ್ತು ತಿಂಗಳುಗಳ ಮುದ್ರೆಯೂ ಕಾಣುತ್ತದೆ. ವರ್ಷವನ್ನು ಹನ್ನೆರಡು ಪ್ರಾಣಿಗಳ ಚಕ್ರದಲ್ಲಿ ಹೇಳುವುದು ಆ ದೇಶದ ಕ್ರಮ.

ಎದೊ ಮಾಲೆಯ ಇನೊಕಶಿರ ಚಿತ್ರಕ್ಕೆ ಒಪ್ಪಿಗೆ ದೊರೆತದ್ದು ಡ್ರಾಗನ್ ವರ್ಷದ ನಾಲ್ಕನೆಯ ತಿಂಗಳಲ್ಲಿ. ಅನ್‌ಸೇ ಶಕೆಯ ಮೂರನೆಯ ವರ್ಷವಾದ ಅದು ಕ್ರಿ. ಶ. ೧೮೫೬ಕ್ಕೆ ಸರಿಹೊಂದುತ್ತದೆ. ಪ್ರಕಾಶಕನು ಉಒಯ ಏಕಿಚಿ. ಈ ಮಾಲೆಯ ಮುದ್ರೆಗಳು ಚಿತ್ರದ ಚೌಕಟ್ಟಿನ ಹೊರಗೆ ಅಂಚಿನಲ್ಲಿ ಬರುವುದರಿಂದ, ಸಂಗ್ರಾಹಕರು ಅಂಚನ್ನು ಕತ್ತರಿಸಿದ ಪ್ರತಿಗಳಲ್ಲಿ ಅವು ಇಲ್ಲವಾಗಿವೆ. ಅಂದಕ್ಕಾಗಿ ಅಂಚು ಕತ್ತರಿಸಿದಾಗ ಚರಿತ್ರೆಯೇ ಕತ್ತರಿಸಿಹೋದದ್ದಕ್ಕೆ ಇದೊಂದು ನಿದರ್ಶನ.

ಈ ತೇದಿಗೆ ಮತ್ತೊಂದು ಮಹತ್ತ್ವವಿದೆ. ೧೮೫೫ರ ನವೆಂಬರಿನಲ್ಲಿ ಎದೊ ನಗರವು ಭೀಕರವಾದ ಭೂಕಂಪಕ್ಕೆ ತುತ್ತಾಗಿತ್ತು. ಮುಂದಿನ ವರ್ಷದ ಆರಂಭದಲ್ಲಿಯೇ ಮಾಲೆಯ ಮೊದಲ ಚಿತ್ರಗಳು ಹೊರಬಂದವು. ಹಾಳುಬಿದ್ದ ನಗರದ ಜನರು ತಮ್ಮ ಊರಿನ ಹೆಸರುವಾಸಿಯಾದ ಎಡೆಗಳನ್ನು ಮತ್ತೆ ಚಿತ್ರಗಳಲ್ಲಿ ಕಂಡರು. ಅದೇ ೧೮೫೬ರಲ್ಲಿ ಹಿರೊಶಿಗೆಯು ತಲೆ ಬೋಳಿಸಿಕೊಂಡು ಬೌದ್ಧ ದೀಕ್ಷೆಯನ್ನು ಕೈಗೊಂಡನು. ಅವನ ಮರಣದ ತರುವಾಯ ಚಿತ್ರಕಾರ ಕುನಿಸದನು ರಚಿಸಿದ ಸ್ಮಾರಕ ಚಿತ್ರದಲ್ಲಿ ಅವನು ಮುಂಡಿತಶಿರನಾಗಿಯೇ ಕುಳಿತಿದ್ದಾನೆ. ಬೌದ್ಧ ದೀಕ್ಷೆ ಪಡೆದವನು ಅದೇ ಮಾಲೆಯಲ್ಲಿ ಒಂದಾದ ಮೇಲೊಂದರಂತೆ ಕಮಿಗಳ, ಎಂದರೆ ಜಪಾನಿನ ದೇಶೀಯ ದೇವತೆಗಳ ಗುಡಿಗಳನ್ನೂ ಬುದ್ಧನ ದೇವಾಲಯಗಳನ್ನೂ ಭೇದವೆಣಿಸದೆ ಚಿತ್ರಿಸಿರುವುದು ಆ ಕಾಲದ ಧಾರ್ಮಿಕ ವಾತಾವರಣಕ್ಕೆ ಸಾಕ್ಷಿಯಾಗಿದೆ.

ಋತುವಿನ ವಿಚಾರದಲ್ಲಿಯೂ ಎಚ್ಚರ ಬೇಕು. ಈ ಚಿತ್ರಕ್ಕೆ ಮಾಲೆಯಲ್ಲಿ ೮೭ನೆಯ ಸಂಖ್ಯೆ ಇದ್ದು ಅದು ಶರತ್ಕಾಲದ ವಿಭಾಗದಲ್ಲಿ ಸೇರಿದೆ. ಆದರೆ ಋತುಗಳಿಗೆ ಅನುಸಾರವಾದ ಈ ವಿಂಗಡಣೆಯು ಹಿರೊಶಿಗೆಯದಲ್ಲ. ೧೮೫೮ರಲ್ಲಿ ಅವನು ತೀರಿಕೊಂಡ ಬಳಿಕ ಪ್ರಕಾಶಕನು ಸೇರಿಸಿದ ವಿಷಯಸೂಚಿಯ ಹಾಳೆಯಿಂದ ಅದು ಬಂದಿದೆ. ‘ನೂರು’ ಎಂಬ ಹೆಸರಿನ ಮಾಲೆಯಲ್ಲಿ ಹಿರೊಶಿಗೆಯ ೧೧೮ ಚಿತ್ರಗಳೂ ಅವನ ಶಿಷ್ಯನಾದ ಎರಡನೆಯ ಹಿರೊಶಿಗೆಯ ಒಂದು ಚಿತ್ರವೂ ಇವೆ. ಗ್ರಂಥಕರ್ತನ ಕೃತಿಗೆ ಅನಂತರದವರು ಮಾಡಿದ ಸಂಧಿವಿಭಾಗವನ್ನು ಗ್ರಂಥಕರ್ತನ ಅಭಿಪ್ರಾಯವೆಂದು ಹಿಡಿಯಬಾರದಷ್ಟೆ. ಅಂತೆಯೇ ‘ಇದು ಶರತ್ಕಾಲದ ಇನೊಕಶಿರ’ ಎಂದು ವ್ಯಾಖ್ಯಾನಿಸುವಾಗ ಆ ಮಾತಿನ ಹೊಣೆ ಸೂಚಿಯದೇ ಹೊರತು ಚಿತ್ರಕಾರನದಲ್ಲ. ಮುದ್ರೆಯ ನಾಲ್ಕನೆಯ ತಿಂಗಳು ಕೂಡ ಒಪ್ಪಿಗೆ ದೊರೆತ ಕಾಲವನ್ನು ತಿಳಿಸುತ್ತದೆಯೇ ಹೊರತು ಚಿತ್ರದೊಳಗಿನ ಋತುವನ್ನಲ್ಲ.

ಇನ್ನು ಚಿತ್ರದ ನೋಟ. ಎರಡನೆಯ ಚಿತ್ರದಲ್ಲಿ ಕೊಳವು ಬಹಳ ಎತ್ತರದಿಂದ ಕಾಣುತ್ತದೆ, ಗುಡಿಯು ಚಿಕ್ಕದಾಗಿದೆ. ನೆಲದ ಮೇಲೆ ನಿಂತವನಿಗೆ ಇಂತಹ ನೋಟ ಸಿಗಲಾರದು. ಸ್ಥಳವರ್ಣನ ಗ್ರಂಥಗಳಲ್ಲಿ ಪಕ್ಷಿಯ ಕಣ್ಣಿನಿಂದ ನೋಡಿದಂತೆ ಬರೆಯುವ ಸಂಪ್ರದಾಯ ಮೊದಲಿನಿಂದ ಇತ್ತು. ಹಿರೊಶಿಗೆಯು ‘ಎದೊ ಮೇಶೊ ಝುಎ’ಯ ಚಿತ್ರಗಳನ್ನು ಹಲವೆಡೆ ಬಳಸಿಕೊಂಡಿದ್ದಾನೆ. ಆದಕಾರಣ ಕಟ್ಟಡದ ಅಳತೆ, ಮರಗಳ ಸಂಖ್ಯೆ ಮುಂತಾದ ಸೂಕ್ಷ್ಮಗಳಿಗೆ ಈ ಚಿತ್ರವನ್ನು ಕಣ್ಣಾರೆ ಕಂಡವನ ಹೇಳಿಕೆಯಂತೆ ಬಳಸುವುದು ಸಾಧುವಲ್ಲ. ಅದು ಖಚಿತವಾಗಿ ಹೇಳುವುದು ಬೇರೊಂದನ್ನು. ೧೮೫೬ರ ಎದೊ ನಿವಾಸಿಗಳು ಈ ಸ್ಥಳವನ್ನು ಏನೆಂದು ಕರೆಯುತ್ತಿದ್ದರು, ಅದನ್ನು ಹೇಗೆ ಕಲ್ಪಿಸಿಕೊಳ್ಳುತ್ತಿದ್ದರು ಎಂಬುದಕ್ಕೆ ಅದು ವಿಶ್ವಸನೀಯ ಆಧಾರ.

೫

ಹೀಗೆ ಚಿತ್ರದ ಶೀರ್ಷಿಕೆಯೇ ಮುಖ್ಯ ಸಾಕ್ಷ್ಯವಾಗುತ್ತದೆ. ೧೮೫೬ರ ಚಿತ್ರದಲ್ಲಿ ‘ಇನೊಕಶಿರ ನೊ ಇಕೆ, ಬೆಂತೆನ್ ನೊ ಯಶಿರೊ’ ಎಂದಿದೆ. ‘ಇನೊಕಶಿರದ ಕೊಳ, ಬೆಂತೆನ್ ದೇವಿಯ ಗುಡಿ’ ಎಂದು ಅದರ ಅರ್ಥ. ಹಿಮದ ಚಿತ್ರದ ಶೀರ್ಷಿಕೆಯಲ್ಲಿ ದೇವಿಯ ಹೆಸರು ಬೆಂಜೈತೆನ್ ಎಂದು ಪೂರ್ಣವಾಗಿ ಬಂದಿದೆ. ‘ಯಶಿರೊ’ ಎಂಬುದು ಕಮಿಗಳ ನೆಲೆಗೆ ಸಲ್ಲುವ ಪ್ರಾಚೀನ ಜಪಾನೀ ಶಬ್ದ. ಬೌದ್ಧ ದೇವಾಲಯಕ್ಕೆ ‘ತೆರ’ ಎಂಬ ಬೇರೆ ಶಬ್ದವುಂಟು. ಆದರೆ ಯಶಿರೊ ಎಂಬ ಈ ದೇಶೀ ಶಬ್ದದ ಹಿಂದೆ ಬಂದಿರುವ ದೇವತಾನಾಮವು ಬೌದ್ಧ ಗ್ರಂಥವೊಂದರ ಮೂಲಕ ಭಾರತದಿಂದ ಬಂದದ್ದು.

ಆ ಗ್ರಂಥವು ‘ಸುವರ್ಣಪ್ರಭಾಸೋತ್ತಮ ಸೂತ್ರ’. ನಾಲಂದದಲ್ಲಿ ಸುಮಾರು ಹತ್ತು ವರ್ಷ ಅಧ್ಯಯನ ಮಾಡಿ ಅನೇಕ ಸಂಸ್ಕೃತ ಹಸ್ತಪ್ರತಿಗಳೊಡನೆ ಸ್ವದೇಶಕ್ಕೆ ಮರಳಿದ ಚೀನಾದ ಯಾತ್ರಿಕ ಇತ್ಸಿಂಗನು ೭೦೩ರಲ್ಲಿ ಇದನ್ನು ಹತ್ತು ಸುರುಳಿಗಳಲ್ಲಿ ಚೀನೀ ಭಾಷೆಗೆ ಅನುವಾದಿಸಿದನು. ಇದರಲ್ಲಿ ಸರಸ್ವತಿಗೆ ಮೀಸಲಾದ ಭಾಗವಿದೆ. ಸೂತ್ರವನ್ನು ಪಠಿಸುವವನಿಗೆ ವಾಕ್ಪಟುತ್ವವನ್ನೂ ಸ್ಮರಣಶಕ್ತಿಯನ್ನೂ ಅನುಗ್ರಹಿಸುವುದಾಗಿ ಅಲ್ಲಿ ದೇವಿಯು ಅಭಯವನ್ನೀಯುತ್ತಾಳೆ. ಅವಳ ಎಂಟು ಕೈಗಳ ಉಗ್ರಸುಂದರ ರೂಪದ ವರ್ಣನೆಯೂ ಅಲ್ಲಿಯೇ ಇದೆ. ಜಪಾನಿನ ಚಕ್ರವರ್ತಿ ಶೋಮುವು ೭೪೧ರಲ್ಲಿ ಪ್ರಾಂತ ಪ್ರಾಂತಗಳಲ್ಲಿ ಬೌದ್ಧ ದೇವಾಲಯಗಳನ್ನು ಕಟ್ಟಬೇಕೆಂದು ಆಜ್ಞಾಪಿಸಿದಾಗ, ಅವುಗಳ ಗೋಪುರಗಳಲ್ಲಿ ಇಡಲು ಈ ಸೂತ್ರವನ್ನು ಬಂಗಾರದ ಅಕ್ಷರಗಳಲ್ಲಿ ಪ್ರತಿಮಾಡಿಸಲಾಯಿತು. ನೇರಳೆ ಬಣ್ಣದ ಕಾಗದದ ಮೇಲೆ ಸುವರ್ಣಾಕ್ಷರಗಳಿಂದ ಬರೆದ ಹತ್ತು ಸುರುಳಿಗಳ ಅಂತಹ ಒಂದು ಪ್ರತಿಯು ಇಂದಿಗೂ ನಾರಾ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಸರಸ್ವತಿಯು ಜಪಾನಿಗೆ ಕಾಲಿಟ್ಟದ್ದು ಹಸ್ತಪ್ರತಿಯ ರೂಪದಲ್ಲಿ ಎಂದರೆ ತಪ್ಪಾಗದು.

ನಾರಾದ ತೋದಾಯ್‌ಜಿ ದೇವಾಲಯದಲ್ಲಿ ಎಂಟನೆಯ ಶತಮಾನದ ಮಣ್ಣಿನ ಶಿಲ್ಪವೊಂದಿದೆ. ಎಂಟು ಕೈಗಳ ಆ ದೇವಿಯ ವಿಗ್ರಹವು ಸೂತ್ರದ ವರ್ಣನೆಯನ್ನು ಅನುಸರಿಸಿದ್ದು. ತಂತ್ರಾಚಾರ್ಯನಾದ ಕೂಕೈ ೮೦೬ರಲ್ಲಿ ಚೀನಾದಿಂದ ತಂದ ಗರ್ಭಧಾತು ಮಂಡಲದಲ್ಲಿ ಅವಳಿಗೆ ಎರಡೇ ಕೈಗಳು. ಕೈಯಲ್ಲಿ ಬಿವ ಎಂಬ ತಂತೀವಾದ್ಯ. ಮುಂದೆ ಲೋಕಪ್ರಿಯವಾದದ್ದು ಈ ಎರಡನೆಯ ರೂಪ. ಮಧ್ಯಯುಗದಲ್ಲಿ ಉಗ ಎಂಬ ಸರ್ಪರೂಪಿಯಾದ ಧಾನ್ಯದೇವತೆಯೊಡನೆ ಅವಳು ಸಮೀಕರಣಗೊಂಡಳು. ನದಿಯ ಹೆಸರನ್ನು ಹೊತ್ತ ದೇವಿಗೆ ನೀರಿನ ನೆರೆಯೇ ತಕ್ಕ ನೆಲೆಯೆಂದು ಬಗೆದು ದ್ವೀಪಗಳಲ್ಲಿ, ಕೊಳಗಳಲ್ಲಿ, ಊಟೆಗಳ ಬಳಿ ಅವಳ ಗುಡಿಗಳು ತಲೆಯೆತ್ತಿದವು. ಇನೊಕಶಿರವು ಈ ಪರಂಪರೆಗೆ ಸೇರಿದ್ದು.

ಇಲ್ಲಿ ಗಮನ ಸೆಳೆಯುವ ಪಾಠಾಂತರವೊಂದಿದೆ. ಚೀನೀ ಅನುವಾದದಲ್ಲಿ ದೇವಿಯ ಹೆಸರಿನ ಅರ್ಥ ‘ವಾಕ್ಪ್ರತಿಭೆಯ ದೇವತೆ’. ನಡುವಿನ ‘ಜೈ’ ಎಂಬ ಅಕ್ಷರಕ್ಕೆ ಪ್ರತಿಭೆಯೆಂದು ಅರ್ಥ. ಜಪಾನೀ ಉಚ್ಚಾರದಲ್ಲಿ ‘ಜೈ’ ಎಂದೇ ಓದಬಹುದಾದ ಮತ್ತೊಂದು ಅಕ್ಷರವುಂಟು. ಅದರ ಅರ್ಥ ಸಂಪತ್ತು. ಮಧ್ಯಯುಗದಿಂದೀಚೆಗೆ ಪ್ರತಿಭೆಯ ಅಕ್ಷರದ ಎಡೆಯಲ್ಲಿ ಸಂಪತ್ತಿನ ಅಕ್ಷರವನ್ನು ಬರೆಯುವ ವಾಡಿಕೆ ಬೆಳೆಯಿತು. ಉಚ್ಚಾರ ಬದಲಾಗಲಿಲ್ಲ, ಅಕ್ಷರ ಬದಲಾಯಿತು. ಅದರೊಡನೆ ವಿದ್ಯೆಯ ದೇವಿಯು ಐಶ್ವರ್ಯದ ದೇವಿಯೂ ಆದಳು. ಭಾಗ್ಯದೇವತೆಗಳೆಂದು ಎಣಿಸುವ ಏಳು ಮಂದಿಯಲ್ಲಿ ಅವಳಿಗೆ ಸ್ಥಾನ ದೊರೆಯಿತು. ಹಿರೊಶಿಗೆಯ ಹಿಮದ ಚಿತ್ರದ ಶೀರ್ಷಿಕೆಯಲ್ಲಿರುವುದು ಈ ಸಂಪತ್ತಿನ ಅಕ್ಷರವೇ. ೧೮೫೬ರ ಚಿತ್ರದಲ್ಲಿ ನಡುವಿನ ಅಕ್ಷರವನ್ನೇ ಬಿಟ್ಟಿರುವುದರಿಂದ ಎರಡರಲ್ಲಿ ಯಾವುದೆಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಒಂದೇ ಅಕ್ಷರದ ಪಲ್ಲಟವು ದೇವತೆಯೊಬ್ಬಳ ಆರಾಧನೆಯ ದಿಕ್ಕನ್ನು ತೋರಿಸುವ ಇಂತಹ ಉದಾಹರಣೆ ಪಾಠಶೋಧನೆಯ ವಿದ್ಯಾರ್ಥಿಗಳಿಗೆ ಉಪಯುಕ್ತವಾದುದು.

ಈ ಪ್ರಸಂಗದಲ್ಲಿ ಮಥುರೆಯ ಕಂಕಾಲೀ ಟೀಲಾದಲ್ಲಿ ದೊರೆತ, ಈಗ ಲಖನೌ ವಸ್ತುಸಂಗ್ರಹಾಲಯದಲ್ಲಿರುವ ಸರಸ್ವತೀ ವಿಗ್ರಹವು ನೆನಪಿಗೆ ಬರುತ್ತದೆ. ೫೪ನೆಯ ವರ್ಷದ ಶಾಸನವುಳ್ಳ ಈ ಜೈನ ವಿಗ್ರಹವನ್ನು ಸಾಮಾನ್ಯವಾಗಿ ಕ್ರಿ. ಶ. ೧೩೨ಕ್ಕೆ ಸೇರಿಸುತ್ತಾರೆ. ಲೋಹಕಾರನೊಬ್ಬನು ದಾನಮಾಡಿದ ಇದು ಉಪಲಬ್ಧ ಸರಸ್ವತೀ ವಿಗ್ರಹಗಳಲ್ಲಿ ಅತ್ಯಂತ ಪ್ರಾಚೀನವಾದುದು. ದೇವಿಯ ಶಿರಸ್ಸು ಭಗ್ನವಾಗಿದ್ದರೂ ಎಡಗೈಯಲ್ಲಿಯ ಪುಸ್ತಕವು ಉಳಿದಿದೆ. ಜಪಾನಿನ ಬೆಂಜೈತೆನ್ ದೇವಿಗೂ ಈ ಜೈನ ವಿಗ್ರಹಕ್ಕೂ ನೇರವಾದ ಸಂಬಂಧವನ್ನು ಕಲ್ಪಿಸಲು ಯಾವ ಆಧಾರವೂ ಇಲ್ಲ. ಜಪಾನಿನ ಸರಸ್ವತಿಯು ಬೌದ್ಧರ ದಾರಿಯಲ್ಲಿ ಹೋದವಳು. ಆದರೂ ಹೋಲಿಕೆಯಿಂದ ಒಂದು ಭೇದ ಎದ್ದು ಕಾಣುತ್ತದೆ. ಶ್ರುತದೇವತೆಯಾಗಿ ಪುಸ್ತಕವನ್ನು ಕೈಯಲ್ಲಿ ಹಿಡಿದ ರೂಪವು ಜೈನರಲ್ಲಿ ಪ್ರಾಚೀನ ಕಾಲದಿಂದ ನೆಲೆನಿಂತರೆ, ಪುಸ್ತಕದ ಮೂಲಕವೇ ಜಪಾನಿಗೆ ತೆರಳಿದ ದೇವಿಯು ಅಲ್ಲಿ ಜನಪ್ರಿಯಳಾದದ್ದು ಬಿವ ವಾದ್ಯವನ್ನು ಹಿಡಿದವಳಾಗಿ, ಜಲದ ಒಡತಿಯಾಗಿ.

೬

ಈಗ ‘ಶಿಂತೊ ದೇವಾಲಯ’ ಎಂಬ ಹೆಸರಿನ ಪ್ರಶ್ನೆಗೆ ಬರಬಹುದು. ಹಿರೊಶಿಗೆಯ ಕಾಲದಲ್ಲಿ ಇನೊಕಶಿರದ ಈ ಯಶಿರೊವನ್ನು ನೋಡಿಕೊಳ್ಳುತ್ತಿದ್ದುದು ತೆಂದೈ ಪಂಥದ ಬೌದ್ಧ ದೇವಾಲಯವಾದ ದೈಸೇಜಿ. ಶಬ್ದ ಶಿಂತೊ ಸಂಪ್ರದಾಯದ್ದು, ದೇವಿಯ ಹೆಸರು ಬೌದ್ಧ ಸೂತ್ರದ್ದು, ಆಡಳಿತ ಬೌದ್ಧ ಭಿಕ್ಷುಗಳದ್ದು, ಮೂಲ ಭಾರತದ್ದು. ಅಂದಿನವರಿಗೆ ಇದರಲ್ಲಿ ಯಾವ ವಿರೋಧವೂ ತೋರಲಿಲ್ಲ. ಬುದ್ಧರೂ ಬೋಧಿಸತ್ತ್ವರೂ ಲೋಕಾನುಗ್ರಹಕ್ಕಾಗಿ ಕಮಿಗಳ ರೂಪದಲ್ಲಿ ತೋರಿಕೊಳ್ಳುತ್ತಾರೆ ಎಂಬ ಸಿದ್ಧಾಂತವು ಶತಮಾನಗಳಿಂದ ಬೇರೂರಿತ್ತು. ಒಂದೇ ಆವರಣದಲ್ಲಿ ಕಮಿಯ ಗುಡಿಯೂ ಬುದ್ಧನ ಮಂದಿರವೂ ಇರುವುದು ಸರ್ವಸಾಮಾನ್ಯವಾಗಿತ್ತು.

ಹಿರೊಶಿಗೆಯು ತೀರಿಕೊಂಡ ಹತ್ತು ವರ್ಷಗಳಲ್ಲಿ ಶೋಗುನರ ಆಳ್ವಿಕೆ ಕೊನೆಗೊಂಡಿತು. ೧೮೬೮ರಲ್ಲಿ ಮೇಜಿ ಸರಕಾರವು ಕಮಿಗಳನ್ನೂ ಬುದ್ಧರನ್ನೂ ಬೇರ್ಪಡಿಸುವ ಆಜ್ಞೆಗಳನ್ನು ಹೊರಡಿಸಿತು. ಕಮಿಯ ಗುಡಿಗಳಿಂದ ಬೌದ್ಧ ವಿಗ್ರಹಗಳನ್ನು ತೆಗೆಯಬೇಕಾಯಿತು. ಭಿಕ್ಷುಗಳು ಅಲ್ಲಿಯ ಪೂಜಾಧಿಕಾರವನ್ನು ಬಿಡಬೇಕಾಯಿತು. ಹಲವೆಡೆ ಜನರು ಆಜ್ಞೆಯ ಮೇರೆಯನ್ನು ಮೀರಿ ವಿಗ್ರಹಗಳನ್ನೂ ಸೂತ್ರಗಳ ಪ್ರತಿಗಳನ್ನೂ ಸುಟ್ಟು ಹಾಳುಮಾಡಿದರು. ಹಸ್ತಪ್ರತಿಗಳ ಚರಿತ್ರೆಯಲ್ಲಿ ಇದು ದುಃಖದ ಅಧ್ಯಾಯ.

ಬೆಂಜೈತೆನ್ ಗುಡಿಗಳು ವಿಶೇಷವಾದ ಇಕ್ಕಟ್ಟಿಗೆ ಸಿಕ್ಕಿದವು. ಹೆಸರಿನಿಂದ ಅವಳು ಬೌದ್ಧ ದೇವತೆ. ಪೂಜೆಯ ರೀತಿಯಿಂದ ಹಲವೆಡೆ ಕಮಿ. ಎನೊಶಿಮ ದ್ವೀಪದ ಕ್ಷೇತ್ರವು ಶಿಂತೊ ದೇವಾಲಯವಾಗಿ ಅಲ್ಲಿ ಮೂವರು ದೇಶೀಯ ದೇವಿಯರ ಆರಾಧನೆ ನಿಂತಿತು. ಇತ್ಸುಕುಶಿಮದಲ್ಲಿ ಬೆಂಜೈತೆನ್ ವಿಗ್ರಹವನ್ನು ಪಕ್ಕದ ದೈಗನ್‌ಜಿ ಎಂಬ ಬೌದ್ಧ ದೇವಾಲಯಕ್ಕೆ ಸಾಗಿಸಲಾಯಿತು. ಬಿವ ಸರೋವರದ ಚಿಕುಬು ದ್ವೀಪದಲ್ಲಿ ಒಂದೇ ಆಗಿದ್ದ ಕ್ಷೇತ್ರವು ಹೋಗೊಂಜಿ ಎಂಬ ಬೌದ್ಧ ದೇವಾಲಯವಾಗಿಯೂ ತ್ಸುಕುಬುಸುಮ ಎಂಬ ಶಿಂತೊ ಗುಡಿಯಾಗಿಯೂ ಎರಡಾಯಿತು. ಇನೊಕಶಿರದ ಗುಡಿ ಮಾತ್ರ ದೈಸೇಜಿಯ ಅಧೀನದಲ್ಲಿಯೇ ಉಳಿಯಿತು. ಇಂದಿಗೂ ಅದು ಬೌದ್ಧ ಕ್ಷೇತ್ರ. ಹೀಗೆ ಹಿರೊಶಿಗೆಯು ‘ಯಶಿರೊ’ ಎಂದು ಕರೆದ ಗುಡಿಯು ಇಂದಿನ ವರ್ಗೀಕರಣದ ಪ್ರಕಾರ ಶಿಂತೊ ದೇವಾಲಯವೇ ಅಲ್ಲ. ಹಾಗೆಂದು ಚಿತ್ರದ ಶೀರ್ಷಿಕೆಯನ್ನು ತಪ್ಪೆನ್ನಲೂ ಬಾರದು. ೧೮೬೮ಕ್ಕೆ ಮೊದಲು ರಚಿತವಾದ ಚಿತ್ರವನ್ನು ೧೮೬೮ರ ಆಜ್ಞೆಯ ಮಾತಿನಲ್ಲಿ ವರ್ಣಿಸುವುದರಿಂದ ಈ ತೊಡಕು ಹುಟ್ಟುತ್ತದೆ.

ಸ್ಥಳದ ಮುಂದಿನ ಕಥೆ ಹೀಗಿದೆ. ೧೮೯೮ರಲ್ಲಿ ಯೊದೊಬಶಿ ಎಂಬಲ್ಲಿ ಶುದ್ಧೀಕರಿಸಿದ ನೀರಿನ ಪೂರೈಕೆ ಆರಂಭವಾದ ಮೇಲೆ ಹಳೆಯ ಜಲಮಾರ್ಗದ ಮಹತ್ತ್ವ ಮುಗಿಯಿತು. ೧೯೧೭ರಲ್ಲಿ ಕೊಳದ ಸುತ್ತಣ ಪ್ರದೇಶವು ಸಾರ್ವಜನಿಕ ಉದ್ಯಾನವಾಗಿ ತೆರೆಯಿತು. ಈಗಿರುವ ಗುಡಿಯ ಕಟ್ಟಡವು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಟ್ಟಿದುದು. ನಗರ ಬೆಳೆದಂತೆ ಅಂತರ್ಜಲ ಕುಸಿದು ಊಟೆಗಳು ಬತ್ತಿದವು. ಕೊಳಕ್ಕೆ ಬಾವಿಗಳಿಂದ ನೀರೆತ್ತಿ ತುಂಬಬೇಕಾಯಿತು. ೨೦೧೪ರ ಆದಿಯಲ್ಲಿ ಕೊಳವನ್ನು ಬರಿದುಮಾಡಿ ತಳವನ್ನು ಶುದ್ಧಗೊಳಿಸುವ ಕಾರ್ಯ ನಡೆಯಿತು. ಅದನ್ನು ಮುಂದಿನ ವರ್ಷಗಳಲ್ಲಿ ಮತ್ತೆರಡು ಬಾರಿ ಕೈಗೊಂಡರು. ಅಳಿದುಹೋಯಿತೆಂದು ಬಗೆದಿದ್ದ, ಆ ಕೊಳದ ಹೆಸರನ್ನೇ ಹೊತ್ತ ಜಲಸಸ್ಯವೊಂದು ೨೦೧೬ರಲ್ಲಿ ಅಲ್ಲಿ ಪುನಃ ಕಾಣಿಸಿಕೊಂಡಿತು.

೭

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ನಿರ್ಧಾರವಾಗುತ್ತವೆ. ಒಂದು: ಈ ಚಿತ್ರಗಳಿಗೆ ಚಿತ್ರಕಾರನ ಹಸ್ತದ ಮೂಲಪ್ರತಿಯಿಲ್ಲ, ಇರುವ ಪ್ರತಿಗಳನ್ನು ಅಂಚು, ಮುದ್ರೆ, ಗೆರೆ, ಬಣ್ಣಗಳಿಂದ ಪರೀಕ್ಷಿಸಿಯೇ ಅವುಗಳ ಪ್ರಾಮಾಣ್ಯವನ್ನು ನಿರ್ಣಯಿಸಬೇಕು. ಎರಡು: ೧೮೫೬ರ ಚಿತ್ರದ ತೇದಿಯು ಮುದ್ರೆಯಿಂದ ಸಿದ್ಧವಾದುದು; ಅದರ ಋತುವಾದರೋ ಅನಂತರದ ಸೂಚಿಯಿಂದ ಆರೋಪಿತವಾದುದು. ಮೂರು: ಸ್ಥಳವು ನಗರದ ಜಲಮೂಲವಾದ್ದರಿಂದಲೇ ‘ಎದೊ ದೃಶ್ಯ’ಗಳಲ್ಲಿ ಸೇರಿತು, ಅದನ್ನು ಬರಿಯ ನಿಸರ್ಗವೆನ್ನುವುದು ಅಪೂರ್ಣ. ನಾಲ್ಕು: ‘ಬೆಂತೆನ್ ನೊ ಯಶಿರೊ’ ಎಂಬ ಮೂರು ಶಬ್ದಗಳಲ್ಲಿ ಭಾರತದ ಸರಸ್ವತಿ, ಬೌದ್ಧರ ಸೂತ್ರ, ಜಪಾನಿನ ಕಮಿಪೂಜೆ ಇವು ಒಟ್ಟಾಗಿವೆ; ‘ಶಿಂತೊ ದೇವಾಲಯ’ ಎಂಬ ಹೆಸರು ಇವುಗಳಲ್ಲಿ ಕೊನೆಯದನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಮರೆಸುತ್ತದೆ.

ಸೂಚೀಕಾರನಾದವನು ಈ ಚಿತ್ರಗಳನ್ನು ‘ಇನೊಕಶಿರ ಕೊಳದ ಬೆಂತೆನ್ ಗುಡಿ’ ಎಂದು ಶೀರ್ಷಿಕೆಯಲ್ಲಿ ಇದ್ದಂತೆಯೇ ಹೆಸರಿಸಿ, ದೇವತೆಯ ಮೂಲವನ್ನೂ ಗುಡಿಯ ಅಂದಿನ ಮತ್ತು ಇಂದಿನ ಸ್ಥಿತಿಯನ್ನೂ ಟಿಪ್ಪಣಿಯಲ್ಲಿ ತಿಳಿಸುವುದು ಯುಕ್ತವಾಗಿದೆ. ಮೂಲದಲ್ಲಿ ಇರುವುದನ್ನು ಇರುವಂತೆ ಬರೆದು, ವ್ಯಾಖ್ಯಾನವನ್ನು ಪ್ರತ್ಯೇಕವಾಗಿ ಇಡುವುದು ಗ್ರಂಥಸಂಪಾದನೆಯಲ್ಲಿ ಸರ್ವಸಮ್ಮತವಾದ ನಿಯಮ. ಅಚ್ಚಿನ ಚಿತ್ರಗಳ ವಿಷಯದಲ್ಲಿಯೂ ಅದನ್ನು ಪಾಲಿಸಿದರೆ, ಕೊಳದ ನಡುವಣ ಈ ಚಿಕ್ಕ ಗುಡಿಯಲ್ಲಿ ಸರಸ್ವತಿಯ ದೀರ್ಘ ಪ್ರವಾಸದ ಕುರುಹು ಮರೆಯಾಗದೆ ಉಳಿಯುತ್ತದೆ.